ಹೆಬ್ಬೆರಳು ಸ್ಪೇಸ್ ಬಾರ್‌ಗೆ ಮಾತ್ರ

ನಮ್ಮೂರು ಕೊಂಬೈಯಲ್ಲಿ ಟೈಪಿಂಗ್ ಕಲಿತವರನ್ನು ಗುರುತಿಸುವುದು ಸುಲಭ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅವರ ಬಲಗೈ ಹೆಬ್ಬೆರಳು ಉಳಿದ ನಾಲ್ಕರ ಜೊತೆ ಸೇರುವುದಿಲ್ಲ, ಶಿಕ್ಷೆಗೆ ನಿಲ್ಲಿಸಿದ ಹಾಗೆ ಪಕ್ಕಕ್ಕೆ ನಿಂತಿರುತ್ತದೆ. ಅದು ನನ್ನ ದೊಡ್ಡವ್ವ ರಂಗಮ್ಮಾಳ್ ಮೂವತ್ತು ವರ್ಷ ಅಡಿಕೋಲು ಹಿಡಿದು ಮಾಡಿದ ಕೆಲಸ. ಅವಳ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನ ಗೋಡೆಗೆ ಎರಡು ಹಲಗೆ ತೂಗುಹಾಕಿದ್ದಳು. ಒಂದರಲ್ಲಿ "ಹೆಬ್ಬೆರಳು ಸ್ಪೇಸ್ ಬಾರ್‌ಗೆ ಮಾತ್ರ" ಎಂದಿತ್ತು. ಇನ್ನೊಂದರಲ್ಲಿ "ತಪ್ಪು ಹೊಡೆದರೆ ಹಾಳೆ ಬದಲಿಸು" ಎಂದಿತ್ತು. ಬೇರೆ ಅಕ್ಷರದ ಮೇಲೆ ಹೆಬ್ಬೆರಳು ಬಿದ್ದರೆ ಅಡಿಕೋಲು ಬೀಳುತ್ತಿತ್ತು. ನನಗೂ ಬಿದ್ದಿದೆ. ತಂಗಿಯ ಮಗ ಎಂಬ ದಾಕ್ಷಿಣ್ಯ ಅವಳ ಅಡಿಕೋಲಿಗೆ ಇರಲಿಲ್ಲ.

ಹೆಬ್ಬೆರಳಿನ ಮೇಲೆ ಅಷ್ಟು ಸಿಟ್ಟು ಯಾಕೆ ಎಂದು ನನಗೆ ತಿಳಿದದ್ದು ತಡವಾಗಿ. ಅವಳ ತಾಯಿ, ಅಂದರೆ ನನ್ನ ಅಮ್ಮಾಚಿ ಪೇಚ್ಚಿಯಮ್ಮಾಳ್, ಓದು ಬರಹ ಕಾಣದವಳು. ಮೇಲಿನ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ರಿಜಿಸ್ಟರ್ ಕಚೇರಿಗೆ ಹೋದ ದಿನ ಅಲ್ಲಿಯ ಗುಮಾಸ್ತನೊಬ್ಬ ಅವಳ ಹೆಬ್ಬೆರಳನ್ನು ಕರುವಿನ ಮೂಗುದಾರ ಹಿಡಿದ ಹಾಗೆ ಹಿಡಿದು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದ. ಆಗ ದೊಡ್ಡವ್ವನಿಗೆ ಹತ್ತು ವರ್ಷ, ಪಕ್ಕದಲ್ಲೇ ನಿಂತಿದ್ದಳು. ಮಸಿ ಮೂರು ದಿನ ಹೋಗಲಿಲ್ಲ. ಅಮ್ಮಾಚಿ ಆ ಕೈಯಲ್ಲೇ ಮುದ್ದೆ ತಿರುವುತ್ತ, "ಈ ಕೈನಾಟ್ಟು ನನ್ನ ಜೊತೆಗೇ ಮುಗೀಲಿ ಮಗಳೇ. ನೀ ಹತ್ತು ಬೆರಳಲ್ಲೂ ಬರೀಬೇಕು" ಅಂದಳಂತೆ. ಕೈನಾಟ್ಟು ಅಂದರೆ ನಮ್ಮಲ್ಲಿ ಹೆಬ್ಬೆಟ್ಟು. ಮಗಳು ಆ ಮಾತನ್ನು ಅಕ್ಷರಶಃ ಹಿಡಿದುಕೊಂಡಳು. ಹತ್ತೊಂಬತ್ತನೆಯ ವಯಸ್ಸಿಗೆ ಪೆರಿಯಕುಳಂವರೆಗೆ ಬಸ್ಸಿನಲ್ಲಿ ಹೋಗಿ ಬಂದು ಟೈಪಿಂಗ್ ಹೈಯರ್ ಪರೀಕ್ಷೆ ಪಾಸು ಮಾಡಿದಳು. ತಮಿಳುನಾಡಿನಲ್ಲಿದ್ದೂ ಮನೆಯಲ್ಲಿ ಕನ್ನಡ ಆಡುವ ನಮ್ಮ ಜನರ ಹೆಣ್ಣುಗಳಲ್ಲಿ ಅವಳೇ ಮೊದಲು. ಅವಳನ್ನು ಮದುವೆಯಾದ ದೊಡ್ಡಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಬದುಕಿದ ಮೃದು ಮನುಷ್ಯ. ಹೆಂಡತಿಯ ಜೊತೆ ಒಂದು ವಾದವನ್ನೂ ಗೆಲ್ಲಲಿಲ್ಲ, ಒಂದು ದಿನದ ನಿದ್ದೆಯನ್ನೂ ಕಳೆದುಕೊಳ್ಳಲಿಲ್ಲ.

ಯಾಕೆಂದರೆ ದೊಡ್ಡವ್ವನಿಗೆ ವಾದ ಅಂದರೆ ಊಟಕ್ಕಿಂತ ಹೆಚ್ಚು. ಊರಿನಲ್ಲಿ ಅವಳಿಗೆ ಸರಿಸಾಟಿ ಯಾರೂ ಉಳಿದಿರಲಿಲ್ಲ. ಪೋಸ್ಟ್‌ಮಾಸ್ಟರ್ ಅವಳನ್ನು ಕಂಡರೆ ಒಳಗಿನ ಕೋಣೆಗೆ ಹೋಗುತ್ತಿದ್ದರು. ಹೀಗೆ ಆಹಾರವಿಲ್ಲದೆ ಸೊರಗುತ್ತಿದ್ದ ಹೊತ್ತಿಗೆ, ತೊಂಬತ್ತೆಂಟರಲ್ಲಿ, ನಾನು ತೇನಿ ಬಸ್‌ಸ್ಟ್ಯಾಂಡಿನ ಎದುರು ಫೋನ್ ಬೂತ್ ಹಾಕಿ, ಅದರ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು, ಮಧುರೈಗೆ ಫೋನ್ ಹಚ್ಚಿ ಇಂಟರ್ನೆಟ್ ತಂದೆ. ಮಾಡಬಾರದ ಕೆಲಸ ಅದು. ಆಮೇಲಿನ ಎರಡು ವರ್ಷ ನನ್ನ ಶನಿವಾರಗಳು ನನ್ನವಾಗಿ ಉಳಿಯಲಿಲ್ಲ.

ಭಾರತದ ಭಾಷೆಗಳನ್ನು ಕಂಪ್ಯೂಟರಿಗೆ ತರುವುದು ಹೇಗೆ ಎಂದು ಮಾತಾಡಿಕೊಳ್ಳುವ ಒಂದು ಮೇಲಿಂಗ್ ಲಿಸ್ಟ್ ಇತ್ತು. ಒಬ್ಬರು ಬರೆದ ಮೇಲ್ ಮುನ್ನೂರು ಜನಕ್ಕೂ ಹೋಗುತ್ತಿತ್ತು, ಎಲ್ಲ ಇಂಗ್ಲಿಷಿನಲ್ಲಿ. ದೊಡ್ಡವ್ವನನ್ನು ಸಂತೋಷಪಡಿಸೋಣ ಎಂದು ನಾನು ಒಂದು ಮೇಲನ್ನು ಪ್ರಿಂಟ್ ಮಾಡಿ ಕೊಟ್ಟೆ. ಅದರಲ್ಲಿ ಪುಣೆಯ ಯಾರೋ ಒಬ್ಬರು, ಟೈಪ್‌ರೈಟರಿನ ಕಾಲ ಮುಗಿಯಿತು, ಇನ್ನು ಪೂರ್ಣವಿರಾಮದ ನಂತರ ಎರಡು ಸ್ಪೇಸ್ ಬೇಡ, ಒಂದೇ ಸಾಕು ಎಂದು ಬರೆದಿದ್ದರು. ದೊಡ್ಡವ್ವ ಅದನ್ನು ಎರಡು ಸಾರಿ ಓದಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಇವನಿಗೆ ಕಲಿಸಿದೋರು ಯಾರು?" ಅಂದಳು.

"ಗೊತ್ತಿಲ್ಲೆ ದೊಡ್ಡವ್ವ."

"ನಾನು ಕಲಿಸ್ತೀನಿ."

ಮುಂದಿನ ಶನಿವಾರ ಕೊಂಬೈಯಿಂದ ಹತ್ತರ ಬಸ್ಸಿಗೆ ಬಂದಿಳಿದಳು. ಬಟ್ಟೆ ಚೀಲದಲ್ಲಿ ನಾಲ್ಕು ಹಾಳೆ. ತನ್ನ ಹಳೆ ಟೈಪ್‌ರೈಟರಿನಲ್ಲಿ ಸಾಲು ಬಿಟ್ಟು ಸಾಲು ಹೊಡೆದು, ಹದಿನೇಳು ಅಂಶಗಳಿಗೆ ನಂಬರ್ ಹಾಕಿದ ಉತ್ತರ. ಕಾರ್ಬನ್ ಪ್ರತಿ ಮನೆಯ ಫೈಲಿನಲ್ಲಿ. ಅವಳು ನನ್ನ ಕಂಪ್ಯೂಟರಿನ ಕೀಲಿಗಳನ್ನು ಮುಟ್ಟುತ್ತಿರಲಿಲ್ಲ. ಬೆರಳಿಗೆ ಎದುರು ನಿಲ್ಲದ ಕೀಲಿಗೆ ಮರ್ಯಾದೆ ಇಲ್ಲ, ಹೊಡೆದದ್ದನ್ನು ಅಳಿಸಲು ಇನ್ನೊಂದು ಕೀಲಿ ಇಟ್ಟವನಿಗೆ ಮಾನ ಇಲ್ಲ ಎಂಬುದು ಅವಳ ಮತ. ಆದ್ದರಿಂದ ಅವಳು ಟೈಪ್ ಮಾಡಿದ್ದನ್ನು ನಾನು ಮತ್ತೆ ಟೈಪ್ ಮಾಡಬೇಕು. ಎಲ್ಲಾದರೂ ಒಂದು ಸ್ಪೇಸ್ ನುಂಗಿದರೆ ಪ್ರಿಂಟಿನಲ್ಲಿ ಕೆಂಪು ಮಸಿಯ ಸುಳಿ ಬೀಳುತ್ತಿತ್ತು.

ಪುಣೆಯವರು ಮೂರು ವಾರಕ್ಕೆ ಸೋತು ಮಲಗಿದರು. ದೊಡ್ಡವ್ವ ಮೈದುಂಬಿಕೊಂಡಳು. ಅಷ್ಟರಲ್ಲಿ ಲಿಸ್ಟಿನಲ್ಲಿ ನಿಜವಾದ ಎದುರಾಳಿ ಎದ್ದು ನಿಂತ. ಹೆಸರು ಎಂ. ಸಾಮಿ. ಊರು ಬರೆಯುತ್ತಿರಲಿಲ್ಲ. ಪ್ರತಿ ಮೇಲನ್ನೂ "ವಿದ್ವಾಂಸರಾದ ಸದಸ್ಯರ ಬಗ್ಗೆ ಪೂರ್ಣ ಗೌರವವಿಟ್ಟುಕೊಂಡು" ಎಂದು ಶುರುಮಾಡಿ, ಆ ಗೌರವವನ್ನು ಮುಂದಿನ ಸಾಲಿನಲ್ಲೇ ಮಣ್ಣುಪಾಲು ಮಾಡುತ್ತಿದ್ದ. ದೊಡ್ಡವ್ವ ಹದಿನೇಳು ಅಂಶ ಬರೆದರೆ ಅವನು ಹತ್ತೊಂಬತ್ತು ಬರೆಯುತ್ತಿದ್ದ. ಒಂದು ಕೆಲಸ ಹೇಳಿದ ಮೇಲೆ "ಖಚಿತವೇ?" ಎಂದು ಕಂಪ್ಯೂಟರ್ ಕೇಳುವುದು ಮನುಷ್ಯನಿಗೆ ಅವಮಾನ ಎಂದು ದೊಡ್ಡವ್ವ ಬರೆದಳು. ಅದು ಅವಮಾನವಲ್ಲ, ಕಾನೂನಿನ ಎಚ್ಚರ ಎಂದು ಅವನು ಬರೆದ. ಕೀಲಿ ಒತ್ತಿದರೆ ಅದು ಸಹಿಯೋ ಅಲ್ಲವೋ ಎಂಬುದರ ಮೇಲೆ ಇಬ್ಬರೂ ಎರಡು ತಿಂಗಳು ಕಚ್ಚಾಡಿದರು. ದೆಹಲಿಯಲ್ಲಿ ಅದಕ್ಕೊಂದು ಹೊಸ ಕಾನೂನು ಬರುತ್ತದಂತೆ ಎಂಬ ಮಾತು ಆಗ ಇತ್ತು. ಬರುವವರೆಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ.

"ಇವನಿಗೆ ಹೆಂಡತಿ ಇರೋಕಿಲ್ಲೆ ಕಣೋ. ಇದ್ದಿದ್ರೆ ಇಷ್ಟು ಉದ್ದ ಬರೆಯೋಕೆ ಬಿಡ್ತಿದ್ಲಾ?" ಎಂದು ದೊಡ್ಡವ್ವ ಪ್ರಿಂಟನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಒಂದು ವಾರ ಅವನ ಮೇಲ್ ಬರದಿದ್ದರೆ ಮುಖ ಸಣ್ಣದಾಗುತ್ತಿತ್ತು. ಅದನ್ನು ಮಾತ್ರ ಒಪ್ಪಿಕೊಳ್ಳುತ್ತಿರಲಿಲ್ಲ.

ಇತ್ತ ಇನ್‌ಸ್ಟಿಟ್ಯೂಟ್ ಕೊನೆಯುಸಿರು ಎಳೆಯುತ್ತಿತ್ತು. ಒಂದು ಕಾಲಕ್ಕೆ ನಲವತ್ತು ಮಕ್ಕಳು ಸರದಿಯಲ್ಲಿ ಕೂರುತ್ತಿದ್ದ ಜಾಗದಲ್ಲಿ ಆರು ಜನ ಉಳಿದಿದ್ದರು. ಕಟ್ಟಡದ ಮಾಲೀಕರು ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಲು ಹೊರಟಿದ್ದರು. ಜಾಗ ಸಿಗದಿದ್ದರೆ ಒಂಬತ್ತು ಟೈಪ್‌ರೈಟರುಗಳೂ ಹಳೆ ಕಬ್ಬಿಣದ ಗಾಡಿ ಹತ್ತಬೇಕು. ದೊಡ್ಡವ್ವ ಆ ಮಾತನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ದಿನಾ ಸಂಜೆ ಒಂಬತ್ತಕ್ಕೂ ಎಣ್ಣೆ ಹಾಕುವುದನ್ನು ಬಿಟ್ಟಿರಲಿಲ್ಲ.

ಆಗ ಬಂದದ್ದು ನೀರಿನ ಸಂಘದ ಕೆಲಸ. ನಮ್ಮ ಕಾಲುವೆಯ ನೀರನ್ನು ಅಮ್ಮಾಚಿಯೂ ಸೇರಿ ನಲವತ್ತೊಂದು ಹಿಡುವಳಿದಾರರು ಸರದಿಯ ಮೇಲೆ ಹಂಚಿಕೊಳ್ಳುತ್ತಾರೆ. ಪ್ರತಿ ವರ್ಷ ವೈಗಾಸಿ ತಿಂಗಳಲ್ಲಿ, ಅಂದರೆ ಮೇ ಕೊನೆಯ ಹೊತ್ತಿಗೆ, ನೀರು ಬಿಡುವ ಮೊದಲು, ಯಾರ ಸರದಿ ಯಾವತ್ತು ಎಂದು ಪುಸ್ತಕದಲ್ಲಿ ಬರೆದು ಎಲ್ಲರಿಂದ ಸಹಿಯನ್ನೋ ಕೈನಾಟ್ಟನ್ನೋ ಹಾಕಿಸುವುದು ವಾಡಿಕೆ. ಪ್ರತಿ ವರ್ಷವೂ ಜಗಳ. ಇದು ನನ್ನ ಹೆಬ್ಬೆರಳೇ ಅಲ್ಲ, ನನ್ನ ಮೈದುನನದು ಎಂದು ಹೇಳುವವರೇ ಹೆಚ್ಚು. ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರ್ ಹರಿಹರನ್ ಸಾರ್ ಇದರಿಂದ ಬೇಸತ್ತು ದಿಂಡಿಗಲ್ಲಿನ ಬೀಗದ ಕಾರ್ಖಾನೆಯ ಆಫೀಸು ಹೊರಹಾಕಿದ ಒಂದು ಕಂಪ್ಯೂಟರನ್ನು ತಂದಿಟ್ಟರು. ಪ್ರತಿಯೊಬ್ಬರೂ ತಾವೇ ಬಂದು, ತೆರೆಯ ಮೇಲೆ ತಮ್ಮ ಸರದಿ ನೋಡಿ, ತಾವೇ ಒತ್ತಬೇಕು ಎಂಬುದು ಅವರ ಯೋಚನೆ.

ಅವರು ದೊಡ್ಡವ್ವನ ಬಳಿ ಬಂದು, "ಟೀಚರಮ್ಮಾ, ತೆರೆ ಹ್ಯಾಂಗಿರಬೇಕೋ ನೀವು ಹೇಳಿ, ನಿಮ್ಮ ಸೂರ್ಯ ಮಾಡಲಿ. ಜನ ಅದನ್ನ ಒಪ್ಪಿದ್ರೆ ಸಂಘದ ಮುಂದಿನ ಕೋಣೆ ನಿಮ್ಮ ಇನ್‌ಸ್ಟಿಟ್ಯೂಟಿಗೆ. ಒಪ್ಪದಿದ್ರೆ ನಾನು ಕಂಪ್ಯೂಟರನ್ನ ವಾಪಸ್ ಕಳಿಸ್ತೀನಿ, ಕೋಣೇಲಿ ಗೊಬ್ಬರದ ಮೂಟೆ ಇಡ್ತೀನಿ" ಅಂದರು.

ದೊಡ್ಡವ್ವ ಆ ದಿನ ನನಗೆ ಹೇಳಿದ್ದು ಬೇರೆಯೇ. "ಕೋಣೆ ಇರಲಿ ಕಣೋ ಸೂರ್ಯ. ಅವ್ವ ಈ ಸಾರಿ ಮಸಿ ಮುಟ್ಟದೆ ಒಪ್ಪಿಗೆ ಕೊಡ್ತಾಳೆ. ಯಾರೂ ಅವಳ ಬೆರಳು ಹಿಡಿಯೋ ಹಂಗಿಲ್ಲೆ." ಹೇಳಿ ಎಣ್ಣೆ ಡಬ್ಬಿ ಹಿಡಿದು ಟೈಪ್‌ರೈಟರುಗಳ ಕಡೆ ಹೋದಳು.

ನಲವತ್ತೊಂದು ಸರದಿಗಳ ಪಟ್ಟಿಯನ್ನು ಅವಳೇ ಟೈಪ್‌ರೈಟರಿನಲ್ಲಿ ಹೊಡೆದು ಕೊಟ್ಟಳು. ನಾನು ಅದನ್ನು ಕಂಪ್ಯೂಟರಿಗೆ ಇಳಿಸಿದೆ. ತೆರೆಯ ಮೇಲೆ ಹೆಸರು, ಹೊಲ, ವಾರ, ಹೊತ್ತು. ಕೆಳಗೆ ಎರಡು ದೊಡ್ಡ ಗುಂಡಿ, ಹಸಿರಿನದು ಸರಿ, ಕೆಂಪಿನದು ಬೇಡ. ಯಾರ ಸಹಾಯವೂ ಇಲ್ಲದೆ, ಯಾರ ಮಾತೂ ಕೇಳದೆ, ನೋಡಿದ ಕೂಡಲೇ ಅರ್ಥವಾಗಬೇಕು ಎಂಬುದು ಅವಳ ಹಟ. ಹಸಿರು ಗುಂಡಿ ಎಡಕ್ಕೋ ಬಲಕ್ಕೋ ಎಂಬ ಒಂದೇ ಪ್ರಶ್ನೆ ಉಳಿಯಿತು. ಎಡಕ್ಕೆ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು. ಹಾಗಿದ್ದೂ ಅದನ್ನು ಲಿಸ್ಟಿಗೆ ಬರೆದಳು, ಯಾಕೆ ಬರೆದಳೋ ಆ ದೇವರಿಗೇ ಗೊತ್ತು.

ನಲವತ್ಮೂರು ಮೇಲ್ ಬಂದವು. ಎಡ ಎಂದವರು, ಬಲ ಎಂದವರು, ಗುಂಡಿಯೇ ಬೇಡ ಎಂದವರು, ಬಣ್ಣ ಕಾಣದವರ ಗತಿ ಏನು ಎಂದವರು. ಒಬ್ಬರು ಜಪಾನಿನ ರೈಲು ನಿಲ್ದಾಣಗಳ ಬಗ್ಗೆ ಎರಡು ಪುಟ ಬರೆದರು. ತೆರೆಯ ಮೇಲಿನ ಭಾಷೆ ಯಾವುದಿರಬೇಕು ಎಂದು ಇನ್ನೊಂದು ಗುಂಪು ಬೇರೆಯೇ ಜಗಳ ತೆಗೆಯಿತು. ನಾನು ಟೈಪ್ ಮಾಡಿ ಟೈಪ್ ಮಾಡಿ ತಲೆಚಿಟ್ಟು ಹಿಡಿದು, ಬೂತಿನ ಬಾಗಿಲು ಹಾಕಿ ಪೆರಿಯಕುಳಂನ ಮಾವಿನ ತೋಪಿಗೆ ಓಡಿಹೋಗುವ ಯೋಚನೆ ಮಾಡುತ್ತಿದ್ದೆ. ಆಗ ನಲವತ್ನಾಲ್ಕನೆಯದಾಗಿ ಎಂ. ಸಾಮಿಯ ಮೇಲ್ ಬಂತು. ಈ ಸಾರಿ ನಂಬರ್ ಇರಲಿಲ್ಲ, ಉದ್ದವೂ ಇರಲಿಲ್ಲ.

"ಬಲಕ್ಕೆ ಎಂಬುದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯ ಮುಖ್ಯವಲ್ಲ, ನಿಮ್ಮದೂ ಅಲ್ಲ. ನಮ್ಮ ಜನರಲ್ಲಿ ದೇವರಿಗೆ ಬಿಟ್ಟ ದನಗಳ ಒಂದು ಮಂದೆ ಇದೆ. ಮಂದೆಗೆ ಒಂದು ರಾಜ ಎತ್ತು. ಅದು ತೀರಿಕೊಂಡರೆ ಮುಂದಿನ ರಾಜ ಯಾವುದು ಎಂದು ಹಿರಿಯರು ವಾದ ಮಾಡುವುದಿಲ್ಲ. ಮಂದೆಯ ಮುಂದೆ ಕಬ್ಬು ಇಟ್ಟು ದೂರ ಸರಿಯುತ್ತಾರೆ. ಯಾರೂ ಕರೆಯಬಾರದು, ಅಟ್ಟಬಾರದು, ಕೈತೋರಬಾರದು. ತಾನಾಗಿ ಬಂದು ಯಾವುದು ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ಕಂಪ್ಯೂಟರನ್ನೇ ಕಾಣದ ಒಬ್ಬರ ಮುಂದೆ ಆ ತೆರೆಯನ್ನು ಇಟ್ಟು, ಎಲ್ಲರೂ ಬಾಯಿ ಮುಚ್ಚಿ ನಿಂತು ನೋಡಿ."

ದೊಡ್ಡವ್ವ ಓದಿ ಮುಗಿಸಿ ಕುರ್ಚಿಯಿಂದ ಎದ್ದೇಬಿಟ್ಟಳು. "ಲೇ ಸೂರ್ಯ! ಇವ ನಮ್ಮೋನು ಕಣೋ!"

ಅವತ್ತೇ ಅವನ ಫೋನ್ ನಂಬರ್ ಕೇಳಿ ಬರೆಸಿದಳು. ಎರಡು ದಿನಕ್ಕೆ ಉತ್ತರ ಬಂತು. ನಂಬರ್ ದಿಂಡಿಗಲ್ಲಿನದು! ಎರಡು ವರ್ಷ ಮದ್ರಾಸಿನಲ್ಲೋ ಮುಂಬೈಯಲ್ಲೋ ಇದ್ದಾನೆ ಎಂದುಕೊಂಡು ಬೈದ ಮನುಷ್ಯ ಬಸ್ಸಿನಲ್ಲಿ ಮಧ್ಯಾಹ್ನಕ್ಕೆ ಹೊರಟರೆ ಸಂಜೆಗೆ ಸಿಗುವಷ್ಟು ಹತ್ತಿರ ಕೂತಿದ್ದ. ನನ್ನ ಬೂತಿನಿಂದಲೇ ಫೋನ್ ಮಾಡಿದಳು. ಮೊದಲು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ, ಆಮೇಲೆ ತಡೆಯಲಾರದೆ, "ಕಬ್ಬು ಇಡೋದನ್ನ ನೀವು ಎಲ್ಲಿ ನೋಡಿದ್ದು?" ಎಂದು ಮನೆಯ ಮಾತಿನಲ್ಲೇ ಕೇಳಿದಳು.

ಆಚೆ ಕಡೆಯಿಂದ ಒಂದು ಮುದಿ ದನಿ ನಕ್ಕಿತು. "ಕಂಬಂ ಊರಲ್ಲಿ ತಾನೆ ಟೀಚರಮ್ಮಾ. ಬೇರೆ ಎಲ್ಲಿ?"

ಹೆಸರು ಮುತ್ತುಸಾಮಿ. ಮೂವತ್ತೊಂದು ವರ್ಷ ಬೇರೆ ಬೇರೆ ಊರಿನ ರಿಜಿಸ್ಟರ್ ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿಯೂ ಇದ್ದರು. ಉದ್ದ ಬರೆಯಲು ಅವರೇ ಬಿಟ್ಟಿದ್ದರಂತೆ, ಬರೆಯುವಷ್ಟು ಹೊತ್ತು ಮನೆಯಲ್ಲಿ ಮಾತು ಕಡಿಮೆ ಎಂದು. ಆ ಗಳಿಗೆಯಿಂದ ನಾನೂ ಅವರಿಗೆ ಬಹುವಚನ ಹಚ್ಚಿದೆ. ಇಬ್ಬರೂ ಅರ್ಧ ಗಂಟೆ ನಮ್ಮ ಭಾಷೆಯಲ್ಲಿ ಜಗಳವಾಡಿದರು. ಇಂಗ್ಲಿಷಿನಲ್ಲಿ ಅಷ್ಟು ಬಿಗಿಯಾಗಿದ್ದ ವಾದ ಮನೆಮಾತಿಗೆ ಇಳಿದ ಕೂಡಲೇ ನಗು ತಡೆಯದೆ ಎಲ್ಲೆಲ್ಲೋ ಹರಿದುಹೋಗುತ್ತಿತ್ತು.

ವೈಗಾಸಿಯ ಒಂದು ಭಾನುವಾರ ಬೆಳಿಗ್ಗೆ ಸಂಘದ ಕಟ್ಟಡದ ಮುಂದೆ ಊರಿಗೆ ಊರೇ ಸೇರಿತು. ಮುತ್ತುಸಾಮಿಯವರು ಮೊದಲ ಬಸ್ಸಿಗೆ ಬಂದರು. ಸಣಕಲು ಮೈ, ಕೊಡೆ, ಚರ್ಮದ ಚೀಲ. ಚೀಲದ ಬಾಯಿಂದ ಮಸಿಪೆಟ್ಟಿಗೆಯ ತಗಡಿನ ಡಬ್ಬಿ ಇಣುಕುತ್ತಿತ್ತು. ಕೆಲಸ ಬಿಟ್ಟು ಐದು ವರ್ಷವಾದರೂ ಅದಿಲ್ಲದೆ ಮನೆಯಿಂದ ಹೊರಗೆ ಕಾಲಿಡರಂತೆ.

ದೊಡ್ಡವ್ವನ ಕಣ್ಣು ನೇರ ಡಬ್ಬಿಯ ಮೇಲೆ ಬಿತ್ತು. "ಅದು ಒಳಗೇ ಇರಲಿ ಅಣ್ಣಾ" ಅಂದಳು. ಎರಡು ವರ್ಷದ ಎದುರಾಳಿಗಳ ಮೊದಲ ಭೇಟಿಯ ಮೊದಲ ಮಾತು ಅದು. ಅವರು ಡಬ್ಬಿಯನ್ನು ಒಳಕ್ಕೆ ತಳ್ಳಿದರು.

ಅಮ್ಮಾಚಿಯನ್ನು ಕರೆತಂದು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂರಿಸಿದೆವು. ಎಂಬತ್ತನಾಲ್ಕು ವರ್ಷ. ಬೆಳಿಗ್ಗೆ ತಾನೇ ತಲೆಗೆ ಎಣ್ಣೆ ಒತ್ತಿಕೊಂಡು ಬಂದಿದ್ದಳು. ಅವಳಿಗೆ ಮೊದಲು ಬೇಕಾದದ್ದು ಬಂದವರ ಪರಿಚಯ. "ಯಾರ ಮನೆಯೋನಪ್ಪಾ ನೀನು? ನಿಮ್ಮಪ್ಪ ಯಾರು?" ಮುತ್ತುಸಾಮಿ ತಂದೆಯ ಹೆಸರು, ತಾತನ ಹೆಸರು ಹೇಳಿದರು. "ಶರಿ, ಶರಿ. ಒಳ್ಳೆ ಮನೆ. ಉಂಡೀಯಾ?" ಅಷ್ಟಾದ ಮೇಲೆ ತೆರೆಯ ಕಡೆ ತಿರುಗಿದಳು.

ಹರಿಹರನ್ ಸಾರ್ ಕೈ ಎತ್ತಿ ಎಲ್ಲರಿಗೂ ನಿಯಮ ಹೇಳಿದರು. ಕಂಬಂನಲ್ಲಿ ದನಗಳ ಮುಂದೆ ಕಬ್ಬು ಇಟ್ಟಾಗ ಹೇಗೋ ಹಾಗೆ. ಯಾರೂ ಮಾತಾಡಬಾರದು, ಕೈತೋರಬಾರದು. ನಮ್ಮ ಜನಕ್ಕೆ ಇದನ್ನು ಎರಡನೇ ಸಾರಿ ಹೇಳಬೇಕಾಗಲಿಲ್ಲ. ಕೆಮ್ಮುವವರೂ ಸೆರಗು, ಟವೆಲು ಬಾಯಿಗೆ ಒತ್ತಿಕೊಂಡರು. ಎಡಕ್ಕೆ ಹಸಿರು, ಬಲಕ್ಕೆ ಕೆಂಪು. ದೊಡ್ಡವ್ವ ಗೋಡೆಗೆ ಒರಗಿ ತಾಯಿಯ ಕೈಯನ್ನೇ ನೋಡುತ್ತಿದ್ದಳು.

ಅಮ್ಮಾಚಿ ತೆರೆ ನೋಡಿದಳು. ಮೌಸನ್ನು ನೋಡಿ, ಯಾರೋ ಬಿಟ್ಟುಹೋದ ವಸ್ತು ಎಂದುಕೊಂಡು ಬದಿಗೆ ಸರಿಸಿಟ್ಟಳು. ಕೈ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಮಡಿಲಲ್ಲೇ ಇತ್ತು. ಬಹಳ ಹೊತ್ತಾಯಿತು. ಕೊನೆಗೆ ತಲೆ ಎತ್ತಿ ಕೇಳಿದಳು.

"ಓದೋರು ಯಾರು?"

ಯಾರೂ ಉಸಿರೆತ್ತಲಿಲ್ಲ. ನಿಯಮ ನಿಯಮವೇ.

"ಕೇಳ್ತಾ ಇದೀನಲ್ಲ. ಇದರಲ್ಲಿ ಬರೆದಿರೋದನ್ನ ಓದಿ ಹೇಳೋರು ಯಾರು?"

ಅಷ್ಟೂ ಜನ ಅವಳನ್ನೇ ನೋಡುತ್ತ ಮೂಕರಾಗಿ ನಿಂತಿದ್ದರು. ಅಮ್ಮಾಚಿಗೆ ಸಿಟ್ಟು ನೆತ್ತಿಗೇರಿತು. "ಆ ರಿಜಿಸ್ಟರ್ ಆಪೀಸಲ್ಲಿ ಬೆರಳು ಹಿಡಿದೆಳೆದ ಮೂದೇವಿ ಕೂಡ ಮೊದಲು ಪೂರ್ತಿ ಓದಿ ಹೇಳಿದ ಕಣ್ರೋ! ಎಲ್ಲೆ ಹೇಳಿದ, ಬದು ಹೇಳಿದ, ಅಪ್ಪುರಂ, ಎಲ್ಲ ಆದ ಮೇಲೆ ತಾನೆ ಕೈನಾಟ್ಟು ಕೇಳಿದ! ಈ ಪೆಟ್ಟಿಗೇಗೂ ಬಾಯಿಲ್ಲೆ, ನಿಮಗೂ ಬಾಯಿಲ್ಲೆ. ನಾ ಒಪ್ಪೋಕಿಲ್ಲೆ, ಓಗ್ರೋ!" ಎಂದು ಕುರ್ಚಿಯ ಕೈ ಹಿಡಿದು ಎದ್ದಳು.

ಜನ ಗೊಳ್ಳೆಂದು ನಕ್ಕರು. ಹರಿಹರನ್ ಸಾರ್ ನಗಲಿಲ್ಲ, ತಲೆ ಅಲ್ಲಾಡಿಸಿ ಪ್ಲಗ್ಗಿನ ಕಡೆ ನಡೆದರು. ಕೋಣೆ ಕೈತಪ್ಪಿತು ಎಂದುಕೊಂಡೆ. ದೊಡ್ಡವ್ವನ ಮುಖ ನೋಡಲಾಗಲಿಲ್ಲ. ಆದರೆ ಅವಳು ಅಷ್ಟರಲ್ಲಿ ಗೋಡೆ ಬಿಟ್ಟು ಬಂದಿದ್ದಳು. ತಾಯಿಯ ಭುಜ ಹಿಡಿದು ಕೂರಿಸಿದಳು, ತಾನು ಅವಳ ಕಾಲ ಬಳಿ ನೆಲದ ಮೇಲೆ ಕೂತಳು, ಮೂಗಿಗೆ ಕನ್ನಡಕ ಏರಿಸಿ, ತೆರೆಯ ಮೇಲಿನ ತಮಿಳನ್ನು ಮನೆಮಾತಿನಲ್ಲಿ ಗಟ್ಟಿಯಾಗಿ ಓದತೊಡಗಿದಳು.

"ಪೇಚ್ಚಿಯಮ್ಮಾಳ್. ಮೇಲಿನ ಹೊಲ. ಬುಧವಾರ ಮುಂಜಾನೆ ಕೋಳಿ ಕೂಗೋ ಹೊತ್ತಿಂದ ಬಿಸಿಲು ನೆತ್ತಿಗೇರೋ ಉಚ್ಚಿಹೊತ್ತಿನವರೆಗೂ ನೀರು…"

"ಯಾರು ಹೇಳಿದ್ದು ಬುಧವಾರ?" ಅಮ್ಮಾಚಿ ತಡೆದಳು. "ಮಂಗಳವಾರ. ಬುಧವಾರ ಪಕ್ಕದ ಗೋವಿಂದಮ್ಮಾಳ್‌ದು. ನಾನು ಈ ಮನೆಗೆ ಬಂದಾಗಿಂದ ಹಂಗೇ ತಾನೆ?"

ಹಿಂದಿನಿಂದ ಗೋವಿಂದಮ್ಮಾಳ್ ಕೂಗಿದರು, "ಆಮಾ ಕಣಕ್ಕಾ, ಬುಧವಾರ ನಂದು!"

ದೊಡ್ಡವ್ವ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಅಡಿಕೋಲು ಇತ್ತು. ನಾನು ಅವಳೇ ಹೊಡೆದು ಕೊಟ್ಟ ಹಾಳೆಯನ್ನು ಜೇಬಿನಿಂದ ತೆಗೆದು ಮುಂದೆ ಹಿಡಿದೆ. ಹಾಳೆಯಲ್ಲೇ ಹಾಗಿತ್ತು. ಎರಡು ಸಾಲು ಅದಲುಬದಲಾಗಿದ್ದವು. ಮೂವತ್ತು ವರ್ಷದಲ್ಲಿ ಅವಳ ಹಾಳೆಯಲ್ಲಿ ತಪ್ಪು ಹುಡುಕಿದವರಿಲ್ಲ. ಹುಡುಕಿದ್ದು ಅಕ್ಷರ ಬಾರದ ತಾಯಿ, ಅದೂ ಕಿವಿಯಿಂದ.

ದೊಡ್ಡವ್ವ ಹಾಳೆ ನೋಡಿದಳು, ತಾಯಿಯನ್ನು ನೋಡಿದಳು, ಮುತ್ತುಸಾಮಿಯವರನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ನಕ್ಕ ನಗುವಿಗೆ ಕನ್ನಡಕ ಜಾರಿ ಮಡಿಲಿಗೆ ಬಿತ್ತು. "ಅಣ್ಣಾ, ನಾವಿಬ್ಬರೂ ಎಡ ಬಲ ಅಂತ ಕಚ್ಚಾಡಿದ್ದು ಇದಕ್ಕೇನಾ? ಹಸಿರು ಎಲ್ಲಿದ್ರೂ ಅವ್ವ ಒತ್ತಿದ್ರೆ ಸಿಗ್ತಾ ಇದ್ದ ನೀರು ಗೋವಿಂದಮ್ಮಾಳ್‌ದು ತಾನೆ!" ಮುತ್ತುಸಾಮಿಯವರು ಕೊಡೆಯ ಹಿಡಿಗೆ ಹಣೆ ಊರಿ ನಗುತ್ತಿದ್ದರು.

ನಾನು ಕೂತು ಎರಡೂ ಸಾಲು ತಿದ್ದಿದೆ. ದೊಡ್ಡವ್ವ ಮತ್ತೆ ಮೊದಲಿಂದ ಓದಿದಳು. ಅಮ್ಮಾಚಿ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. "ಶರಿ. ಈಗ ಶರಿ" ಅಂದಳು. ಯಾರೂ ಹಿಡಿಯಲಿಲ್ಲ, ಯಾರೂ ಎಳೆಯಲಿಲ್ಲ. ತಾನೇ ಮುಂದಕ್ಕೆ ಬಾಗಿ, ಹಸಿರನ್ನೂ ಕೆಂಪನ್ನೂ ಬಿಟ್ಟು, ತೆರೆಯ ಗಾಜಿನ ನಟ್ಟನಡುವೆ, ತನ್ನ ಹೆಸರಿನ ಮೇಲೇ, ಹೆಬ್ಬೆರಳನ್ನು ಬಲವಾಗಿ ಊರಿದಳು. ತಲೆಗೆ ಒತ್ತಿದ ಎಣ್ಣೆ ಬೆರಳಲ್ಲಿತ್ತು. ಕೈ ತೆಗೆದಾಗ ಗಾಜಿನ ಮೇಲೆ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು.

ನಾನು ಮೌಸ್ ಹಿಡಿದು ಸರಿ ಒತ್ತಿದೆ. ಅದನ್ನು ಯಾರೂ ಗಮನಿಸಲಿಲ್ಲ.

ಮುತ್ತುಸಾಮಿಯವರು ಬಗ್ಗಿ ಗಾಜನ್ನು ನೋಡಿದರು. ದನಿ ಕಚೇರಿಯ ದನಿಯಾಯಿತು. "ಓದಿ ಹೇಳಿದ್ದಾಯ್ತು, ತಪ್ಪು ತಿದ್ದಿದ್ದಾಯ್ತು, ಕೇಳಿ ಅರ್ಥ ಮಾಡಿಕೊಂಡು ತಾನೇ ಇಟ್ಟ ಗುರುತು. ಮೂವತ್ತೊಂದು ವರ್ಷದಲ್ಲಿ ಇದಕ್ಕಿಂತ ಶುದ್ಧವಾದ ಒಪ್ಪಿಗೆ ನಾ ನೋಡಿಲ್ಲೆ." ಹರಿಹರನ್ ಸಾರ್ ಹೆಗಲ ಟವೆಲಿನಿಂದ ಗಾಜು ಒರೆಸಲು ಹೋದರು. ದೊಡ್ಡವ್ವ ಅವರ ಕೈ ಹಿಡಿದಳು. "ಬೇಡಿ ಸಾರ್. ಸ್ವಲ್ಪ ಹೊತ್ತು ಇರಲಿ."

ಆಮೇಲೆ ಎಲ್ಲರಿಗೂ ಓದಿಸಿಕೊಳ್ಳುವ ಹುಚ್ಚು ಹಿಡಿಯಿತು. ಓದು ಬಲ್ಲವರೂ, "ನನಗೂ ಓದಿ ಟೀಚರಮ್ಮಾ" ಎಂದು ಸಾಲಿನಲ್ಲಿ ನಿಂತರು. ನಲವತ್ತೊಂದು ಸರದಿಗಳನ್ನೂ ಅವಳು ಗಂಟಲು ಕಟ್ಟುವವರೆಗೆ ಓದಿದಳು. ಇನ್ನೂ ಎರಡು ತಪ್ಪು ಸಿಕ್ಕವು, ಪ್ರತಿ ಸಾರಿಯೂ ಜನ ಚಪ್ಪಾಳೆ ತಟ್ಟಿದರು. ಆ ವರ್ಷ ನೀರಿಗಾಗಿ ಒಂದು ಜಗಳವೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಇದು ನನ್ನ ಒಪ್ಪಿಗೆ ಅಲ್ಲ ಎಂದು ಒಬ್ಬರೂ ಹೇಳಲಿಲ್ಲ. ಒಂಬತ್ತು ಟೈಪ್‌ರೈಟರುಗಳು ಎತ್ತಿನ ಗಾಡಿಯಲ್ಲಿ ಸಂಘದ ಮುಂದಿನ ಕೋಣೆಗೆ ಬಂದವು. ಹಾಳೆ ಬದಲಿಸು ಎಂಬ ಹಲಗೆಯ ಕೆಳಗೆ ಅವಳೇ ಒಂದು ಸಾಲು ಸೇರಿಸಿದಳು: "ಹೊಡೆದದ್ದನ್ನು ಇನ್ನೊಬ್ಬರಿಗೆ ಓದಿ ಹೇಳು".

ಇದನ್ನೆಲ್ಲ ಅವಳು ಲಿಸ್ಟಿಗೆ ಬರೆದಳು. ಅದಕ್ಕೆ ಐವತ್ತೆಂಟು ಉತ್ತರ ಬಂದವು, ಓದುವ ದನಿ ಗಂಡಿನದಿರಬೇಕೋ ಹೆಣ್ಣಿನದೋ ಎಂದು ಪುಣೆಯವರು ಎದ್ದು ಕೂತರು. ಅದಿರಲಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮೇಲ್ ಕಳಿಸಿದ ಶನಿವಾರ.

ಎಂದಿನ ಹಾಗೆ ಹತ್ತರ ಬಸ್ಸಿಗೆ ಬಂದಳು. ಚೀಲದಲ್ಲಿ ಒಂದೇ ಹಾಳೆ. ನಾನು ಅದನ್ನು ಟೈಪ್ ಮಾಡಿ ಮುಗಿಸಿದೆ. ಎಂದೂ ಇಲ್ಲದ್ದು, ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತಳು.

"ಓದು."

"ಯಾಕೆ ದೊಡ್ಡವ್ವ, ನೀನೇ ತಾನೆ ಬರೆದಿರೋದು?"

"ಶುಮ್ಮಾ ಓದೋ."

ಓದಿದೆ. ಅವಳು ತಾಯಿಯ ಹಾಗೆಯೇ ಕಣ್ಣು ಮುಚ್ಚಿ ಕೇಳಿದಳು. "ಎಡಕ್ಕೆ ಎಂದು ನಾನು ಹೇಳಿದ್ದು ತಪ್ಪು. ಯಾರ ಸಹಾಯವೂ ಬೇಡ ಎಂದದ್ದು ಅದಕ್ಕಿಂತ ದೊಡ್ಡ ತಪ್ಪು" ಎಂಬ ಸಾಲು ಬಂದಾಗ ನನ್ನ ದನಿ ತಾನಾಗಿ ತಗ್ಗಿತು.

"ಅದನ್ನ ಗಟ್ಟಿಯಾಗಿ ಓದು" ಅಂದಳು. ಗಟ್ಟಿಯಾಗಿ ಓದಿದೆ. ಬೂತಿನಲ್ಲಿ ಫೋನಿಗೆ ಕಾದು ನಿಂತಿದ್ದವರೂ ತಿರುಗಿ ನೋಡಿದರು.

ಆ ಕಾಲದ ಮೇಲ್ ಪ್ರೋಗ್ರಾಮು ಕೊನೆಯಲ್ಲಿ "ಕಳುಹಿಸಲೇ?" ಎಂದು ಒಂದು ಪ್ರಶ್ನೆ ಕೇಳುತ್ತಿತ್ತು. ಹೌದು ಎನ್ನಲು ವೈ ಅಕ್ಷರ ಒತ್ತಬೇಕು. ಆ ಪ್ರಶ್ನೆ ಅವಮಾನ ಎಂದು ಹದಿನೇಳು ಅಂಶ ಬರೆದವಳು ಇವಳೇ. ನಾನು ಬೆರಳು ಮುಂದೆ ಮಾಡಿದೆ. ಅವಳು ನನ್ನ ಕೈಯನ್ನು ಬದಿಗೆ ಸರಿಸಿದಳು. ಎರಡು ವರ್ಷ ಮುಟ್ಟದ ಕೀಲಿಮಣೆಯ ಮೇಲೆ ಕೈ ತಂದು, ನಾಲ್ಕು ಬೆರಳು ಮಡಚಿ, ವೈ ಅಕ್ಷರದ ಮೇಲೆ ಹೆಬ್ಬೆರಳನ್ನು ಊರಿ ಒತ್ತಿದಳು.